ಬ್ಯಾರಿ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂತು, ನೋಡಿದವರೆಷ್ಟು?

ಗದ್ವಾಲ ಹತ್ತಿರದ ಮಲ್ದಕಲ್‌ನಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಗಿರಾಕಿಗಳ ಜೊತೆ ತೆಲುಗು, ರಾಯಚೂರು ಕಡೆಯವರ ಜೊತೆ ಕನ್ನಡ, ಊರಿಗೆ ಫೋನ್ ಮಾಡಿದಾಗ ಮಾತ್ರ ಬ್ಯಾರಿ. ಸಿನಿಮಾ ಹುಚ್ಚು ಮೊದಲಿನಿಂದಲೂ ಇದೆ. 2024ರ ಮಾರ್ಚ್ ಮೊದಲ ವಾರ ಅಂಗಡಿಯಲ್ಲಿ ತಮ್ಮನನ್ನು ಕೂರಿಸಿ ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವಕ್ಕೆ ಹೋದೆ. "ಸಿನಿಮಾ ನೋಡ್ಲಿಕ್ಕೆ ಅಷ್ಟು ದೂರವಾ?" ಅಂತ ಉಮ್ಮ ಕೇಳಿದರು.

ಚಿತ್ರೋತ್ಸವ ಅಂದರೆ ಸ್ಟಾರ್‌ಗಳ ಮೆರವಣಿಗೆ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ, ಗುರುತಿನ ಚೀಟಿ ಕೊಟ್ಟು ಪಾಸ್ ಪಡೆದರೆ ಯಾರೂ ಹೋಗಬಹುದು. ಆ ವರ್ಷ ಸಾರ್ವಜನಿಕರಿಗೆ ಪಾಸ್ 800 ರೂಪಾಯಿ, ವಿದ್ಯಾರ್ಥಿಗಳಿಗೆ 400. ಪ್ರದರ್ಶನ ರಾಜಾಜಿನಗರದ ಒರಾಯನ್ ಮಾಲ್‌ನಲ್ಲಿ. ಪಾಸ್ ಇದ್ದ ಮಾತ್ರಕ್ಕೆ ಸೀಟು ಗ್ಯಾರಂಟಿ ಇಲ್ಲ, ಮೊದಲು ಬಂದವರಿಗೆ ಜಾಗ. ಅರ್ಧ ಗಂಟೆ ಮುಂಚೆಯೇ ಕ್ಯೂ ನಿಲ್ಲಬೇಕು. ಬೇರೆ ಭಾಷೆಯ ಚಿತ್ರಗಳಿಗೆ ಇಂಗ್ಲಿಷ್ ಅಡಿಬರಹ ಇರುತ್ತದೆ. ಕೆಲವು ಚಿತ್ರ ಮುಗಿದ ಮೇಲೆ ನಿರ್ದೇಶಕರೇ ಎದುರು ನಿಂತು ಪ್ರಶ್ನೆಗೆ ಉತ್ತರ ಕೊಡುತ್ತಾರೆ.

ವ್ಯಾಪಾರಿಯಲ್ವಾ, ಲೆಕ್ಕ ಹಾಕಿದೆ. ಮೂರು ದಿನಕ್ಕೆ 10 ಚಿತ್ರ ನೋಡಿದೆ, ಒಂದಕ್ಕೆ ಬಿದ್ದದ್ದು 80 ರೂಪಾಯಿ. ಲಾಡ್ಜು, ಊಟ, ರೈಲಿನ ಖರ್ಚೇ ಜಾಸ್ತಿ.

ಇದೆಲ್ಲ ಯಾಕೆ ಬೇಕು? ಸ್ವತಂತ್ರ ಸಿನಿಮಾದವರ ಹಿಂದೆ ದೊಡ್ಡ ಕಂಪೆನಿ ಇರುವುದಿಲ್ಲ. ವಿತರಕ ಸಿಗದಿದ್ದರೆ ಥಿಯೇಟರ್ ಶೋ ಕೊಡುವುದಿಲ್ಲ. ಮಾಲು ಒಳ್ಳೆಯದಿದ್ದೂ ಅಂಗಡಿಯಲ್ಲಿ ಇಡಲು ಜಾಗ ಸಿಗದ ಹಾಗೆ. ಚಿತ್ರೋತ್ಸವ ಆ ಜಾಗ ಕೊಡುತ್ತದೆ.

ಕ್ಯೂನಲ್ಲಿ ಪಕ್ಕ ನಿಂತಿದ್ದ ಹಿರಿಯರೊಬ್ಬರು ನನ್ನ ಮನೆಮಾತು ಕೇಳಿದರು. ಬ್ಯಾರಿ ಅಂದೆ. "ಓ, ನಿಮ್ಮ ಭಾಷೆಯ ಸಿನಿಮಾಕ್ಕೆ ನ್ಯಾಷನಲ್ ಅವಾರ್ಡ್ ಬಂದಿತ್ತಲ್ಲ, ಹೇಗಿತ್ತು?" ಅಂದರು. ನನ್ನ ಬಾಯಿ ಕಟ್ಟಿತು. ನಾನು ನೋಡಿರಲಿಲ್ಲ.

ಸುವೀರನ್ ನಿರ್ದೇಶಿಸಿದ 'ಬ್ಯಾರಿ' ನಮ್ಮ ಭಾಷೆಯ ಮೊದಲ ಚಲನಚಿತ್ರ. 2011ನೇ ಸಾಲಿನ ರಾಷ್ಟ್ರೀಯ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತು. ನಟಿ ಮಲ್ಲಿಕಾ ಅವರಿಗೆ ವಿಶೇಷ ಉಲ್ಲೇಖ ಸಿಕ್ಕಿತು. ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ಕಥೆ ಬಳಸಿದ್ದಾರೆಂದು ಸಾರಾ ಅಬೂಬಕ್ಕರ್ ಕೋರ್ಟಿಗೂ ಹೋದರು. ತಲಾಖ್ ಸುತ್ತಲಿನ ಕಥೆಯಾದ್ದರಿಂದ ನಮ್ಮಲ್ಲೂ ಚರ್ಚೆ ಆಯಿತು. ಆದರೆ ಹೊಗಳಿದವರಲ್ಲೂ ಬೈದವರಲ್ಲೂ ನನ್ನ ಹಾಗೆ ನೋಡದವರೇ ಹೆಚ್ಚು. ನೋಡದೆ ಹೊಗಳುವುದೂ ತಪ್ಪು, ಬೈಯುವುದೂ ತಪ್ಪು.

ಇದಕ್ಕೆ ದಾರಿ ಇಲ್ಲವೆಂದಲ್ಲ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನರಿಗೆ ಜಗತ್ತಿನ ಚಿತ್ರಗಳನ್ನು ತೋರಿಸಿತು. ಮಾಲ್ ಇಲ್ಲದ ಹಳ್ಳಿ ಅದು. ನಮ್ಮ ಯುವಕರ ಸಂಘಗಳು ಕ್ರಿಕೆಟ್ ಟೂರ್ನಮೆಂಟ್ ಮಾಡುವಷ್ಟೇ ಸುಲಭವಾಗಿ ವರ್ಷಕ್ಕೆ ಎರಡು ದಿನ ಇದನ್ನೂ ಮಾಡಬಹುದು. ಒಂದು ಹಾಲ್, ಒಂದು ಪ್ರೊಜೆಕ್ಟರ್, ನಿರ್ಮಾಪಕರಿಂದ ಲಿಖಿತ ಅನುಮತಿ. ಅನುಮತಿ ಮರೆಯಬೇಡಿ, ಮೊಬೈಲ್‌ನಲ್ಲಿ ಬಂದ ಕಳ್ಳ ಕಾಪಿ ಬೇಡವೇ ಬೇಡ. ಹೆಂಗಸರಿಗೂ ಬಂದು ಕೂರುವ ವ್ಯವಸ್ಥೆ ಇರಲಿ, ಮುಗಿದ ಮೇಲೆ ಅವರ ಮಾತೂ ಕೇಳೋಣ.

2025ರ ಉತ್ಸವ ಮಾರ್ಚ್ 1ರಿಂದ 8ರವರೆಗೆ ನಡೆಯಿತು. ರಂಝಾನ್ ಶುರುವಾಗಿತ್ತು, ನಾನು ಹೋಗಲಿಲ್ಲ. ಆದರೆ ಆ ಹಿರಿಯರ ಪ್ರಶ್ನೆ ಇನ್ನೂ ಬಾಕಿ ಇದೆ. ಊರಲ್ಲಿ ಯಾರಾದರೂ ಪರದೆ ಕಟ್ಟಿದರೆ ಹೇಳಿ, ಮಲ್ದಕಲ್‌ನಿಂದ ಬರುತ್ತೇನೆ.