ಒಂದು ಮೂಟೆ ಅಕ್ಕಿ

ಜಪಾನಿನ ಕಥೆಯೊಂದು ಪರದೇಶೀಯರನ್ನೂ ಅಳಿಸಬಲ್ಲದೆಂಬುದಕ್ಕೆ ‘ಓಶಿನ್’ ಧಾರಾವಾಹಿಯೇ ಸಾಕ್ಷಿ. ಸುಗಾಕೊ ಹಶಿದಾ ಎಂಬ ಲೇಖಕಿ ರಚಿಸಿದ ಇದನ್ನು ಅಲ್ಲಿಯ ಎನ್.ಎಚ್.ಕೆ. ಸಂಸ್ಥೆಯು 1983-84ರಲ್ಲಿ 297 ಕಂತುಗಳಾಗಿ ಪ್ರಸಾರ ಮಾಡಿತು. 60ಕ್ಕೂ ಹೆಚ್ಚು ದೇಶಗಳ ಜನರು ಅದನ್ನು ನೋಡಿರುವರು. ಯಮಗತ ಸೀಮೆಯ ಬಡ ಗೇಣಿದಾರನೊಬ್ಬನು ಏಳು ವರ್ಷದ ಮಗಳನ್ನು ಒಂದು ಮೂಟೆ ಅಕ್ಕಿಗಾಗಿ ಅನ್ಯರ ಮನೆಯ ಚಾಕರಿಗೆ ಕಳುಹಿಸುವನು. ಭಾಷೆ ತಿಳಿಯದವರಿಗೂ ಆ ತಾಯಿಯ ಕಣ್ಣೀರು ತಿಳಿಯುವುದು.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರಿನವರಿಗೆ ಆ ಮೂಟೆಯ ಭಾರವನ್ನು ತಿಳಿಸಿ ಹೇಳಬೇಕಾದುದಿಲ್ಲ. ಕಥೆಯ ಕಾಲ 1907. ನಮ್ಮಲ್ಲಿಯಾದರೋ 6ರಿಂದ 14 ವರ್ಷದವರಿಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣದ ಕಾನೂನು 2010ರಿಂದ ಜಾರಿಯಲ್ಲಿದೆ. ಆದರೂ ನಾಟಿಯ ಕಾಲದಲ್ಲಿ, ಹತ್ತಿ ಬಿಡಿಸುವ ಕಾಲದಲ್ಲಿ, ಸಿಂಧನೂರು ಲಿಂಗಸುಗೂರುಗಳ ಹಳ್ಳಿಯ ಶಾಲೆಯಲ್ಲಿ ಬಾಲಿಕೆಯೊಬ್ಬಳ ಸ್ಥಾನ ಬರಿದಾದರೆ ಕೇಳುವವರಾರು?

ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು, ಧರ್ಮದಿಂದ ಬರುವ ಶ್ರೇಯಸ್ಸು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಲಭ್ಯವೆಂದು ಸಾರುತ್ತದೆ. ಆ ಬಂಡೆಯ ನೆರೆಯಲ್ಲಿ ಬಾಳುವ ನಾವು ಪರದೆಯ ಬಾಲಿಕೆಗಾಗಿ ಅತ್ತರೆ ಸಾಲದು. ಅಧಿಕಾರಿಗಳು ಹಾಜರಿ ಪುಸ್ತಕವನ್ನು ತೆರೆದು ನೋಡಲಿ. ಜಮೀನುದಾರರು ಕೂಲಿಯ ಸಾಲಿನಲ್ಲಿ ನಿಂತ ಮಗುವನ್ನು ಶಾಲೆಗೆ ಮರಳಿಸಲಿ. ಕಣ್ಣೀರು ಸಾರ್ಥಕವಾಗುವುದು ಆಗಲೇ.