ಡಬ್ಬಿಯ ಮೇಲಿನ ಅಂಕವನ್ನು ನಂಬಬಹುದೇ?

ಹಳೆಯ ನಾಣ್ಯಗಳ ವ್ಯಾಪಾರದಲ್ಲಿ ಒಂದೇ ವರ್ಷದ, ಒಂದೇ ಟಂಕಸಾಲೆಯ ಎರಡು ನಾಣ್ಯಗಳಿಗೆ ಒಂದೇ ಬೆಲೆ ಇರುವುದಿಲ್ಲ. ಒಂದು ಕೈಯಿಂದ ಕೈಗೆ ಓಡಾಡಿ ಸವೆದಿರುತ್ತದೆ. ಇನ್ನೊಂದು ಹೊಸದರಂತೆಯೇ ಹೊಳೆಯುತ್ತಿರುತ್ತದೆ. ಈ ಸ್ಥಿತಿಯನ್ನು ಪರೀಕ್ಷಿಸಿ ಅಂಕ ಕೊಡುವುದೇ ಗ್ರೇಡಿಂಗ್. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ರೂಪಿಸಿದ ಪದ್ಧತಿಯೇ ಇದಕ್ಕೆ ಆಧಾರ. ಇದರಲ್ಲಿ 1ರಿಂದ 70ರವರೆಗೆ ಅಂಕಗಳಿವೆ. ಚಲಾವಣೆಯಲ್ಲಿ ಸವೆಯದ ನಾಣ್ಯಕ್ಕೆ 60 ಮತ್ತು ಅದಕ್ಕಿಂತ ಹೆಚ್ಚು ಅಂಕ.

ಮಾರುವವನು 67 ಎನ್ನುತ್ತಾನೆ, ಕೊಳ್ಳುವವನಿಗೆ 63ರಂತೆ ಕಾಣುತ್ತದೆ. ಈ ಜಗಳ ಬಿಡಿಸಲು ಅಮೆರಿಕದಲ್ಲಿ 1986ರಲ್ಲಿ ಪಿ.ಸಿ.ಜಿ.ಎಸ್., 1987ರಲ್ಲಿ ಎನ್.ಜಿ.ಸಿ. ಎಂಬ ಸಂಸ್ಥೆಗಳು ಶುರುವಾದವು. ಇವು ನಾಣ್ಯ ಅಸಲಿಯೇ ಎಂದು ನೋಡಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಸೀಲ್ ಮಾಡುತ್ತವೆ. ಸಂಗ್ರಾಹಕರು ಆ ಡಬ್ಬಿಯನ್ನು ಸ್ಲ್ಯಾಬ್ ಎನ್ನುತ್ತಾರೆ.

ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆಯೇ ಕೆಡುತ್ತದೆ ಎಂದು ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ವಿವರಿಸಿದರು. 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ಈ ಕೊರತೆ ತುಂಬಲು ಮೂರನೆಯವರು ಬೇಕು. ಆದರೆ ಅವರು ನಿಜವಾಗಿಯೂ ಮೂರನೆಯವರಾಗಿರಬೇಕು.

ತೊಂದರೆ ಇರುವುದು ಇಲ್ಲೇ. ಪ್ಲಾಸ್ಟಿಕ್ ಡಬ್ಬಿ ಯಾರು ಬೇಕಾದರೂ ಕೊಳ್ಳಬಹುದು, ದೊಡ್ಡ ಹೆಸರಿನ ಲೇಬಲ್ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಹೀಗೆ ಹುಟ್ಟಿದ ಕೆಲವು 'ಸೇವೆ'ಗಳ ಹಿಂದೆ ನಾಣ್ಯ ಮಾರುವವನೇ ಇರುತ್ತಾನೆ. ಅವನದೇ ನಾಣ್ಯ, ಅವನದೇ ಅಂಕ. 63ರ ನಾಣ್ಯ 67ರ ಡಬ್ಬಿಗೆ ಸೇರುತ್ತದೆ, ಬೆಲೆ ಹಲವು ಪಟ್ಟು ಏರುತ್ತದೆ. ಉಜ್ಜಿ ತೊಳೆದ ನಾಣ್ಯಕ್ಕೆ ಒಳ್ಳೆಯ ಸಂಸ್ಥೆಗಳು ಸಾಮಾನ್ಯವಾಗಿ ಅಂಕ ಕೊಡದೆ, ದೋಷವನ್ನು ಲೇಬಲ್‌ನಲ್ಲೇ ಬರೆಯುತ್ತವೆ. ಇಂಥವರು ಅದನ್ನು ಮುಚ್ಚಿಡುತ್ತಾರೆ. ನಮ್ಮ ಕಂಪನಿ ಕಾಯ್ದೆ 2013ರ ಪ್ರಕಾರ ಕಂಪನಿಯ ನೌಕರ ಅದರ ಆಡಿಟರ್ ಆಗುವಂತಿಲ್ಲ. ಯಾಕೆ ಎಂಬುದು ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ಒಳ್ಳೆಯ ಸಂಸ್ಥೆಗಳ ಡಬ್ಬಿಯನ್ನೇ ನಕಲು ಮಾಡುವವರೂ ಇದ್ದಾರೆ. ಅದಕ್ಕಾಗಿ ಅಮೆರಿಕ 2014ರಲ್ಲಿ ಕಾನೂನು ಬದಲಿಸಿ, ಈ ಸಂಸ್ಥೆಗಳ ಗುರುತನ್ನು ಅನುಮತಿಯಿಲ್ಲದೆ ಬಳಸುವವರ ಮೇಲೆ ದಾವೆ ಹೂಡಲು ದಾರಿ ಮಾಡಿತು.

ಇದರಿಂದ ನಮಗೇನು? ಅಮ್ಮಿಯ ಬಳೆಯ ಮೇಲೆ ಹಾಲ್‌ಮಾರ್ಕ್ ಇದ್ದರೆ ಅದರ ಆರು ಅಕ್ಷರ-ಅಂಕೆಗಳ ಎಚ್.ಯು.ಐ.ಡಿ. ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಅದರ ಹಿಂದೆ ಸರ್ಕಾರದ ಕಾನೂನಿದೆ. ನಾಣ್ಯದ ಡಬ್ಬಿಯ ಹಿಂದೆ ಆ ಬಲವಿಲ್ಲ. ಹಳೆಯ ನಾಣ್ಯ, 786 ಸಂಖ್ಯೆಯ ನೋಟು ಲಕ್ಷಕ್ಕೆ ಹೋಗುತ್ತದೆ ಎಂಬ ಜಾಹೀರಾತು ನಮ್ಮ ಫೋನಿಗೂ ಬರುತ್ತದೆ. ತನ್ನ ಹೆಸರು ಹೇಳಿ ಹಳೆಯ ನೋಟು, ನಾಣ್ಯದ ವ್ಯವಹಾರಕ್ಕೆ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ಯಾವುದೇ ಪ್ರಮಾಣಪತ್ರ ನೋಡಿದಾಗ ನಾಲ್ಕು ಪ್ರಶ್ನೆ ಕೇಳೋಣ:

1. ಅಂಕ ಕೊಟ್ಟವನಿಗೆ ಮಾರಾಟದಲ್ಲಿ ಲಾಭವಿದೆಯೇ?
2. ಲೇಬಲ್‌ನ ಸಂಖ್ಯೆಯನ್ನು ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿದರೆ ಇದೇ ನಾಣ್ಯದ ವಿವರ, ಫೋಟೊ ಸಿಗುತ್ತದೆಯೇ?
3. ಬೇರೆ ವ್ಯಾಪಾರಿ ಅದೇ ಅಂಕವನ್ನು ಒಪ್ಪಿ ಕೊಳ್ಳುತ್ತಾನೆಯೇ?
4. ಅಂಕ ತಪ್ಪಾಗಿದ್ದರೆ ಹಣ ವಾಪಸ್ ಎಂಬ ಭರವಸೆ ಬರವಣಿಗೆಯಲ್ಲಿದೆಯೇ?

ನಮ್ಮ ಮನೆಯ ಉರ್ದುವಿನಲ್ಲಿ ಅಸಲಿಗೆ 'ಖರಾ', ನಕಲಿಗೆ 'ಖೋಟಾ' ಎನ್ನುತ್ತಾರೆ. ಖೋಟಾ ಕನ್ನಡದಲ್ಲೂ ಬಳಕೆಯಲ್ಲಿದೆ. ಈಗ ನಾಣ್ಯ ಖರಾ ಇದ್ದರೂ ಅದರ ಡಬ್ಬಿಯ ಮಾತು ಖೋಟಾ ಇರಬಹುದು. ಎರಡನ್ನೂ ಬೇರೆ ಬೇರೆಯಾಗಿ ನೋಡಿದ ಮೇಲೆಯೇ ಜೇಬಿಗೆ ಕೈ ಹಾಕೋಣ.