ಭದ್ರಾವತಿಯ ಕುಲುಮೆ, ನಮ್ಮೂರ ಇಗರ್ಜಿ: ಪರಂಪರೆಯ ಆಸ್ತಿ ಉಳಿಸುವುದು ಹೇಗೆ?

ಶಿವಮೊಗ್ಗ: ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ ಮಾಚೇನಹಳ್ಳಿ ಸಿಗುತ್ತದೆ. ಇಂದು ಅದು ಕೈಗಾರಿಕಾ ಪ್ರದೇಶ. ಈ ಭಾಗಕ್ಕೆ ಕೈಗಾರಿಕೆಯ ದಾರಿ ತೋರಿದ್ದು ಭದ್ರಾವತಿಯ ಕಬ್ಬಿಣ ಕಾರ್ಖಾನೆ. ಅದರ ಹಳೆಯ ಕಟ್ಟಡ, ಯಂತ್ರ, ದಾಖಲೆಗಳ ಭವಿಷ್ಯವೇನು ಎಂಬ ಪ್ರಶ್ನೆ ಈಗ ಎಲ್ಲರ ಮುಂದಿದೆ. ನಮ್ಮ ಧರ್ಮಕೇಂದ್ರಗಳ ಹಳೆಯ ಆಸ್ತಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ.

ನೂರು ವರ್ಷದ ಕುಲುಮೆ

ಮೈಸೂರು ಸಂಸ್ಥಾನ ಸ್ಥಾಪಿಸಿದ ಈ ಕಾರ್ಖಾನೆಯ ಊದುಕುಲುಮೆ 1923ರ ಜನವರಿ 18ರಂದು ಉರಿಯತೊಡಗಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ ಬರುತ್ತಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ನಷ್ಟದಿಂದ ಮೇಲೆತ್ತಿದರು. ಮುಂದೆ ಅವರ ಹೆಸರನ್ನೇ ಇಡಲಾಯಿತು. 1998ರಲ್ಲಿ ಅದು ಸೇಲ್ ಸಂಸ್ಥೆಯಲ್ಲಿ ವಿಲೀನವಾಯಿತು. ಶತಮಾನ ತುಂಬಿದ 2023ರ ಜನವರಿಯಲ್ಲೇ ಮುಚ್ಚುವ ನಿರ್ಧಾರ ಹೊರಬಿತ್ತು. ನೌಕರರು ಹೋರಾಟಕ್ಕಿಳಿದರು; ಅದೇ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಆರಂಭವಾಯಿತು. 1936ರಲ್ಲಿ ಸ್ಥಾಪನೆಯಾದ ಅದೇ ಊರಿನ ಕಾಗದ ಕಾರ್ಖಾನೆಯೂ ಉತ್ಪಾದನೆ ನಿಲ್ಲಿಸಿದೆ.

ನೌಕರರ ಹೊಟ್ಟೆಪಾಡು ಮೊದಲು. ವಸ್ತುಸಂಗ್ರಹಾಲಯ ಅದಕ್ಕೆ ಬದಲಿಯಲ್ಲ. ಆದರೆ ಯಂತ್ರಗಳು ಒಮ್ಮೆ ಗುಜರಿಗೆ ಹೋದರೆ, ನಕ್ಷೆ-ರಿಜಿಸ್ಟರುಗಳು ಗೆದ್ದಲಿಗೆ ಆಹಾರವಾದರೆ, ಮೂರು ತಲೆಮಾರಿನ ದುಡಿಮೆಗೆ ಸಾಕ್ಷಿ ಉಳಿಯುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಕೇಂದ್ರದ 1958ರ ಕಾಯ್ದೆಯಂತೆ ಕನಿಷ್ಠ 100 ವರ್ಷ ಹಳೆಯ ಕಟ್ಟಡ ಸ್ಮಾರಕವಾಗಬಹುದು. ರಾಜ್ಯಕ್ಕೂ 1961ರ ಪ್ರತ್ಯೇಕ ಕಾಯ್ದೆ ಇದೆ. ಆದರೆ ವಯಸ್ಸಾದ ಮಾತ್ರಕ್ಕೆ ರಕ್ಷಣೆ ಸಿಗದು. ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಆದ್ದರಿಂದ ಸ್ಥಳೀಯರು ಸಮಯಕ್ಕೆ ಸರಿಯಾಗಿ ಕೇಳಬೇಕು.

ಉಳಿಸಿದವರಿದ್ದಾರೆ

ಜರ್ಮನಿಯ ಫೋಲ್ಕ್ಲಿಂಗನ್ ಕಬ್ಬಿಣ ಕಾರ್ಖಾನೆ 1986ರಲ್ಲಿ ಉತ್ಪಾದನೆ ನಿಲ್ಲಿಸಿತು. 1994ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಜಿಲ್ಲೆಯಲ್ಲೇ, 'ಮಾಲ್ಗುಡಿ ಡೇಸ್' ಧಾರಾವಾಹಿ ಚಿತ್ರೀಕರಣಗೊಂಡ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆ ಕೆಡವದೆ ವಸ್ತುಸಂಗ್ರಹಾಲಯ ಮಾಡಿತು. 2020ರಲ್ಲಿ ಅದು ತೆರೆಯಿತು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳು ಮಳೆನೀರು, ತೇವದಿಂದ ಮಾಸಿದ್ದವು. 1990ರ ದಶಕದಲ್ಲಿ ಇಂಟ್ಯಾಕ್ ತಜ್ಞರು ಅವುಗಳನ್ನು ಸಂರಕ್ಷಿಸಿದರು. ಮೇಲೆ ಹೊಸ ಬಣ್ಣ ಬಳಿದಿದ್ದರೆ ಅವು ಇಂದು ಇರುತ್ತಿರಲಿಲ್ಲ.

ಧರ್ಮಸಭೆಯ ನಿಯಮ

1983ರ ಕಾನೂನು ಸಂಹಿತೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ:

* 1283ನೇ ನಿಯಮ: ಸ್ಥಿರಾಸ್ತಿ ಹಾಗೂ ಬೆಲೆಬಾಳುವ ಅಥವಾ ಸಾಂಸ್ಕೃತಿಕ ಮೌಲ್ಯದ ವಸ್ತುಗಳ ವಿವರವಾದ ಪಟ್ಟಿ ಇರಬೇಕು. ಒಂದು ಪ್ರತಿ ಆಡಳಿತದ ಕಚೇರಿಯಲ್ಲಿ, ಇನ್ನೊಂದು ಧರ್ಮಪ್ರಾಂತ್ಯದ ಕಚೇರಿಯಲ್ಲಿ.
* 1189ನೇ ನಿಯಮ: ಭಕ್ತರು ಗೌರವಿಸುವ ಹಳೆಯ ಅಮೂಲ್ಯ ಪ್ರತಿಮೆಗಳನ್ನು ಧರ್ಮಾಧ್ಯಕ್ಷರ ಲಿಖಿತ ಅನುಮತಿಯಿಲ್ಲದೆ ದುರಸ್ತಿ ಮಾಡಬಾರದು. ಅವರು ತಜ್ಞರ ಸಲಹೆ ಪಡೆಯಬೇಕು.
* 1292ನೇ ನಿಯಮ: ಕಲಾತ್ಮಕ ಅಥವಾ ಐತಿಹಾಸಿಕ ಕಾರಣದಿಂದ ಅಮೂಲ್ಯವಾದ ವಸ್ತುಗಳನ್ನು ಪರಭಾರೆ ಮಾಡಲು ಪವಿತ್ರ ಪೀಠದ ಅನುಮತಿಯೂ ಬೇಕು.

ಪಾಲನಾ ಮಂಡಳಿ ಏನು ಮಾಡಬಹುದು?

ಮೊದಲು ಪಟ್ಟಿ ಮಾಡಿ, ಪ್ರತಿ ವಸ್ತುವಿನ ಫೋಟೊ ತೆಗೆಯಿರಿ. ಜ್ಞಾನಸ್ನಾನ, ವಿವಾಹ, ಮರಣದ ಹಳೆಯ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿಸಿ ಒಣ ಜಾಗದಲ್ಲಿಡಿ. ಪಹಣಿ, ಸರ್ವೆ ನಕ್ಷೆ ಸರಿಯಾಗಿವೆಯೇ ನೋಡಿ. ಮಳೆಗಾಲಕ್ಕೆ ಮೊದಲು ಹೆಂಚು ಸರಿಪಡಿಸಿ. ನೀರು ಹೊರಹೋಗುವ ದಾರಿ ಸ್ವಚ್ಛಗೊಳಿಸಿ. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟ್ ಬಳಿಯಬೇಡಿ. ತೇವ ಒಳಗೇ ಉಳಿದು ಗೋಡೆ ಹಾಳಾಗುತ್ತದೆ. ಕಾರ್ಖಾನೆಯಲ್ಲಿ ದುಡಿದ ಹಿರಿಯರು ನಿಮ್ಮ ಧರ್ಮಕೇಂದ್ರದಲ್ಲಿದ್ದರೆ ಅವರ ಅನುಭವವನ್ನು ಯುವಜನರು ಧ್ವನಿಮುದ್ರಿಸಿಕೊಳ್ಳಲಿ.

ಹೊಸ ಇಗರ್ಜಿ ಬೇಕೆನಿಸಿದಾಗ ಹಳೆಯದನ್ನು ಕೆಡವುವ ತೀರ್ಮಾನಕ್ಕೆ ಮುನ್ನ ದುರಸ್ತಿಯ ಖರ್ಚನ್ನೂ ಒಮ್ಮೆ ಲೆಕ್ಕ ಹಾಕಿಸಿ. ಪೂರ್ವಜರು ಕೂಲಿಯ ಹಣದಲ್ಲಿ ಪಾಲು ಕೊಟ್ಟು ಕಟ್ಟಿದ್ದು ನಮ್ಮೊಬ್ಬರ ಸ್ವತ್ತಲ್ಲ. ಮುಂದಿನವರಿಗೆ ತಲುಪಿಸುವ ತನಕ ನಾವು ಅದರ ಮೇಲ್ವಿಚಾರಕರು ಮಾತ್ರ.